ಕಾಫಿ ಗುಂಡಿಯಲ್ಲಿ ಅಜೇಲಿಯಾ

ಮಡಿಕೇರಿ ಸುತ್ತಮುತ್ತ ಹೋಂಸ್ಟೇಗಳ ಹೂದೋಟ ನೋಡಿಕೊಳ್ಳೋದು ನನ್ನ ಕೆಲಸ. ಮೊದಲು ಹನ್ನೊಂದು ವರ್ಷ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದೆ. ಗಿಡ ನೆಡೋದನ್ನ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನೋ ಜಂಬ ಆಗ ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ಹೋಂಸ್ಟೇಯ ಅಕ್ಕ ಗೇಟಿನಿಂದ ಮನೆವರೆಗೆ ಅಜೇಲಿಯಾ ಅನ್ನೋ ಹೂವಿನ ಪೊದೆ ಬೇಕು ಅಂದರು. ವರ್ಷವಿಡೀ ಎಲೆ ಇರುವ ಹೈಬ್ರಿಡ್, 30 ಗಿಡ. ಮೇ ತಿಂಗಳ ಮಳೆ ಬಿದ್ದ ಕೂಡಲೇ ನೆಟ್ಟೆ. ಹೇಗೆ? ಕಾಫಿ ನೆಡೋ ಹಾಗೆಯೇ. ಒಂದೂವರೆ ಅಡಿ ಗುಂಡಿ, ತಳಕ್ಕೆ ಕೊಟ್ಟಿಗೆ ಗೊಬ್ಬರ, ಬುಡ ಒಳಗಿಳಿಸಿ ಮಣ್ಣು ತುಳಿದು ಗಟ್ಟಿ ಮಾಡಿ, ಸುತ್ತ ಪಾತಿ ಕಟ್ಟಿದೆ.

ಕಕ್ಕಡದ, ಅಂದರೆ ನಮ್ಮ ಆಟಿ ತಿಂಗಳ ಮಳೆ ಗೊತ್ತಲ್ವಾ? ಪಾತಿಯಲ್ಲಿ ನೀರು ನಿಂತಿತು, ಗುಂಡಿ ಕುಸಿದು ಗಿಡ ಇನ್ನೂ ಕೆಳಗೆ ಹೋಯಿತು. ಅಷ್ಟು ಮಳೆಯಲ್ಲೂ ಎಲೆ ಬಾಡಿ ಜೋತುಬಿದ್ದವು. ಗೊಬ್ಬರ ಸಾಲದೇನೋ ಅಂತ ಇನ್ನೊಂದು ಹಿಡಿ ಹಾಕಿದೆ. ಅದಂತೂ ಶುದ್ಧ ದಡ್ಡತನ. ಕೊನೆಗೆ ಒಂದು ಗಿಡ ಕಿತ್ತು ನೋಡಿದೆ. ಬೇರು ಇನ್ನೂ ನರ್ಸರಿ ಕುಂಡದ ಆಕಾರದಲ್ಲೇ ಇತ್ತು, ಒಂದೆಳೆಯೂ ಹೊರಗೆ ಹೋಗಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಎಳೆದರೆ ನೆನೆಸಿದ ಕಡಲೆಯ ಸಿಪ್ಪೆ ಥರ ಬೇರಿನ ಸಿಪ್ಪೆ ಜಾರಿ ಬಂತು. ಒಳಗೆ ಕಂದು ನಾರು ಮಾತ್ರ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ 18 ಗಿಡ ಹೋಗಿದ್ದವು.

ಇದು ಫೈಟಾಫ್ತೊರಾ, ನೀರು ನಿಂತ ಮಣ್ಣಿನಲ್ಲಿ ಬೇರು ಕೊಳೆಸುವ ರೋಗಾಣು. ನಮ್ಮ ಕಾಳುಮೆಣಸಿಗೆ ಸೊರಗು ರೋಗ ತರುವುದೂ ಅದೇ ಕುಲದ್ದು. ಅಜೇಲಿಯಾ ಬೇರು ಕೂದಲಿನಷ್ಟು ಸಣ್ಣ, ಮೇಲಿನ ಒಂದಡಿ ಮಣ್ಣಿನಲ್ಲೇ ಹರಡುತ್ತದೆ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳಕ್ಕೆ ಹೂತರೆ ಉಸಿರು ಕಟ್ಟುತ್ತದೆ.

ಈಗ ಗುಂಡಿ ತೋಡೋದೇ ಇಲ್ಲ. ಇಳಿಜಾರಿನಲ್ಲಿ ಒಂದಡಿ ಎತ್ತರದ ಮಡಿ ಹಾಕಿ, ಕಾಡುಮಣ್ಣಿಗೆ ಚೆನ್ನಾಗಿ ಕೊಳೆತ ತರಗೆಲೆ ಬೆರೆಸುತ್ತೇನೆ. ಕುಂಡದಿಂದ ತೆಗೆದ ಬೇರಿನ ಉಂಡೆಯನ್ನು ಚಾಕುವಿನಿಂದ ನಾಲ್ಕು ಕಡೆ ಗೀರಿ, ಬೆರಳಿಂದ ಬಿಡಿಸಿ, ಮಡಿಗಿಂತ ಎರಡಿಂಚು ಮೇಲೆ ಕಾಣುವಂತೆ ಕೂರಿಸುತ್ತೇನೆ. ಮೇಲೆ ಸಿಲ್ವರ್ ಓಕ್ ಎಲೆ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನ ನೆರಳು.

ಉಳಿದ 12ರಲ್ಲಿ ಹೊಸ ಗೋಡೆ ಪಕ್ಕದ ಮೂರು ಹಳದಿಯಾದವು. ಎಲೆ ಹಳದಿ, ನರ ಮಾತ್ರ ಹಸಿರು. ಕೊಡಗಿನ ಮಣ್ಣು ಹುಳಿ, ಅಜೇಲಿಯಾಗೆ ಅದೇ ಇಷ್ಟ. ಆದರೆ ಗಾರೆಯವರು ಸಿಮೆಂಟ್ ಚೂರನ್ನೆಲ್ಲ ಅಲ್ಲೇ ಹೂತಿದ್ದರು. ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಕಾಫಿಗೆ ಸುಣ್ಣ ಹಾಕುವಾಗಲೂ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಡ್ರಮ್ ತೊಳೆಯುವಾಗಲೂ ಈ ಕಡೆ ಚೆಲ್ಲಬೇಡಿ ಅಂತ ಈಗ ಹುಡುಗರಿಗೆ ಹೇಳಿಟ್ಟಿದ್ದೇನೆ.

ಇಷ್ಟಾದರೂ ನನಗೆ ಬುದ್ಧಿ ಪೂರ್ತಿ ಬಂದಿರಲಿಲ್ಲ. ಮರುವರ್ಷ ದಸರಾಕ್ಕೆ ಜನ ಬರ್ತಾರೆ ಅಂತ ಸೆಪ್ಟೆಂಬರಿನಲ್ಲಿ ಗಿಡಗಳನ್ನೆಲ್ಲ ಕತ್ತರಿಯಿಂದ ದುಂಡಗೆ ಮಾಡಿದೆ. ನೋಡೋಕೆ ಚೆನ್ನಾಗಿತ್ತು, ಅಕ್ಕ ಹೊಗಳಿದರು. ಫೆಬ್ರವರಿ ಬಂತು, ಹೂವಿಲ್ಲ. ನಾಲ್ಕು ಕಡೆ ಒಳಗಿನ ಕೊಂಬೆಯಲ್ಲಿ ಅಷ್ಟೇ. "ಏನಪ್ಪಾ, ಈ ಗಿಡ ಹೂ ಬಿಡೋ ಜಾತಿನಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಗಮನಿಸಿದೆ. ಹೂ ಮುಗಿದ ಮೇಲೆ ಬರುವ ಚಿಗುರಿನ ತುದಿಯಲ್ಲೇ, ಮಳೆಗಾಲ ಕಳೆಯೋದರೊಳಗೆ, ಮುಂದಿನ ವರ್ಷದ ಮೊಗ್ಗು ಕೂತಿರುತ್ತದೆ. ಉಗುರಿನಿಂದ ಸೀಳಿ ನೋಡಿದರೆ ಒಳಗೆ ಎಸಳಿನ ಮಡಿಕೆ ಕಾಣುತ್ತದೆ. ನಾನು ಕತ್ತರಿಸಿದ್ದು ಅದನ್ನೇ. ಈಗ ಹೂ ಬಾಡಿದ ಎರಡು ಮೂರು ವಾರದಲ್ಲಿ ಕತ್ತರಿಸಿ ಮುಗಿಸುತ್ತೇನೆ. ಮಳೆ ಹಿಡಿದ ಮೇಲೆ ಒಣಗಿದ ಕೊಂಬೆ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಕತ್ತರಿಸಿದ ಸೊಪ್ಪನ್ನು ಸುಮ್ನೆ ದನಕ್ಕೋ ಆಡಿಗೋ ಹಾಕಬೇಡಿ, ಎಲೆಯಲ್ಲಿ ವಿಷ ಇದೆ. ನಾನು ಬೇಲಿಯಾಚೆ ಎಸೆಯೋದನ್ನೂ ಬಿಟ್ಟಿದ್ದೇನೆ, ಪಕ್ಕದ ಮನೆಯ ಆಡುಗಳು ಅಲ್ಲೇ ಮೇಯುತ್ತವೆ.