ಹತ್ತು ಡಾಲರ್, ಐದು ಡಾಲರ್

ಬಿಎ ಎರಡನೇ ವರ್ಷದಲ್ಲಿ ನಮಗೆ ಅಮೆರಿಕದ ಇತಿಹಾಸದ ಒಂದು ಪೇಪರ್ ಇತ್ತು. ಅಲ್ಲಿನ ಉತ್ತರ, ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧಕ್ಕೆ ಗೈಡಿನಲ್ಲಿ ಎರಡೂವರೆ ಪುಟ. ಕಾರಣ, ಘಟನೆ, ಪರಿಣಾಮ ಅಂತ ಬಾಯಿಪಾಠ ಮಾಡಿದರೆ ಮಾರ್ಕ್ಸು ಗ್ಯಾರಂಟಿ. ನಮ್ಮ ಇತಿಹಾಸದ ಸರ್ ಮಾತ್ರ ಆ ಎರಡೂವರೆ ಪುಟ ಬಿಟ್ಟು ಮುಂದೆ ಹೋಗಲೇ ಒಲ್ಲರು. ಪೋರ್ಷನ್ ಮುಗಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾವೆಲ್ಲ ಅವರನ್ನು ಚೆನ್ನಾಗಿ ಬೈದುಕೊಂಡೆವು.

ಅವರು ಶುರು ಮಾಡಿದ್ದು ಲಿಂಕನ್‌ನಿಂದಲ್ಲ, ಹತ್ತಿಯಿಂದ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ ಕಟ್ಟಿದ. ನಮ್ಮದು ಧಾರವಾಡದ ಕಡೆಯ ಕಾಲೇಜು, ಅರ್ಧ ಕ್ಲಾಸು ಹತ್ತಿ ಬೆಳೆಯುವ ಮನೆಯವರೇ. ಮಷಿನ್ ಬಂದರೆ ಆಳು ಕಡಿಮೆ ಸಾಕಲ್ವಾ ಸರ್ ಅಂದೆವು. ‘ಬೀಜ ಮಷಿನ್ ತಗೀತೈತಿ. ಹೊಲದಾಗ ಹತ್ತಿ ಬಿಡಸಾವ್ರು ಯಾರು?’ ಅಂದರು. ಹತ್ತಿಯಲ್ಲಿ ಲಾಭ ಹೆಚ್ಚಿತು, ಹೊಲಗಳು ಪಶ್ಚಿಮಕ್ಕೆ ಹಬ್ಬಿದವು, ಗುಲಾಮರ ಬೆಲೆ ಏರಿತು. 1860ರ ಜನಗಣತಿಯ ಹೊತ್ತಿಗೆ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. (ಮುಂದೆ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ನಮ್ಮ ಕಡೆಯ ಹತ್ತಿಗೆ ಭಾರಿ ಬೆಲೆ ಬಂದದ್ದು ಬೇರೆ ಕಥೆ.)

ಹೊಸ ರಾಜ್ಯ ಸೇರುವಾಗಲೆಲ್ಲ ಜಗಳ. ಸೆನೆಟ್‌ನಲ್ಲಿ ಗುಲಾಮಗಿರಿ ಇರುವ, ಇಲ್ಲದ ಎರಡೂ ಕಡೆ ಸಮ ಇರಬೇಕಲ್ಲ! 1820ರಲ್ಲಿ ಮಿಸೌರಿ ಗುಲಾಮಗಿರಿಯ ರಾಜ್ಯವಾಗಿ, ಮೇನ್ ಅದಿಲ್ಲದ ರಾಜ್ಯವಾಗಿ ಸೇರುವುದು ಅಂತ ರಾಜಿಯಾಯಿತು. ಉಳಿದ ನೆಲಕ್ಕೆ 36 ಡಿಗ್ರಿ 30 ನಿಮಿಷದ ಅಕ್ಷಾಂಶದಲ್ಲಿ ಒಂದು ಗೆರೆ, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಗೋಡೆಯ ಮ್ಯಾಪಿನ ಮೇಲೆ ಸರ್ ಸೀಮೆಸುಣ್ಣದಲ್ಲಿ ಅದನ್ನು ಎಳೆದು, ‘ಈ ಮಾತುಕತೀಗೆ ಯಾರನ್ನ ಕರದಿಲ್ಲ, ಹೇಳ್ರಿ’ ಅಂದರು. ಪ್ರತಿ ರಾಜಿ ಬಂದಾಗಲೂ ಇದೇ ಪ್ರಶ್ನೆ. ಕೊನೆಕೊನೆಗೆ ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚು ‘ಗುಲಾಮರನ್ನ!’ ಅಂತ ಕೂಗುತ್ತಿತ್ತು.

1850ರ ರಾಜಿಯ ದಿನ ಆ ಬೆಂಚೂ ಸುಮ್ಮನಾಯಿತು. ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಯಿತು. ಅದಕ್ಕೆ ಬದಲಾಗಿ ದಕ್ಷಿಣದವರಿಗೆ ಸಿಕ್ಕಿದ್ದು ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುವ ಬಿಗಿ ಕಾನೂನು. ಸಿಕ್ಕಿಬಿದ್ದವನಿಗೆ ಜ್ಯೂರಿ ಇಲ್ಲ, ತನ್ನ ಪರ ಸಾಕ್ಷಿ ಹೇಳುವ ಹಕ್ಕೂ ಇಲ್ಲ. ವಿಚಾರಣೆ ಮಾಡುವ ಕಮಿಷನರ್ ಅವನನ್ನು ಒಡೆಯನಿಗೆ ಒಪ್ಪಿಸಿದರೆ ಫೀಸು 10 ಡಾಲರ್, ಬಿಟ್ಟು ಕಳಿಸಿದರೆ 5. ಒಪ್ಪಿಸುವುದರಲ್ಲಿ ಕಾಗದಪತ್ರದ ಕೆಲಸ ಜಾಸ್ತಿ ಅನ್ನೋದು ಅದಕ್ಕೆ ಕೊಟ್ಟ ಸಮಜಾಯಿಷಿ.

ಈ ಕಾನೂನೇ ರಾಜಿಯನ್ನು ಕೆಡಿಸಿತು ಅನ್ನುವುದು ಸರ್ ವಾದ. 1854ರಲ್ಲಿ ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದಿದ್ದ ಆಂಥನಿ ಬರ್ನ್ಸ್‌ನನ್ನು ಬಾಸ್ಟನ್‌ನಲ್ಲಿ ಹಿಡಿದರು. ಸೈನಿಕರ ಕಾವಲಿನಲ್ಲಿ ಬೀದಿಯಲ್ಲೇ ನಡೆಸಿಕೊಂಡು ಹೋಗಿ ಹಡಗು ಹತ್ತಿಸಿದರು. ಗುಲಾಮಗಿರಿ ದೂರದ ದಕ್ಷಿಣದ ವಿಷಯ ಅಂದುಕೊಂಡಿದ್ದವರು ತಮ್ಮ ಮನೆ ಮುಂದೆಯೇ ಅದನ್ನು ಕಂಡರು. ಮಾತುಕತೆಗೆ ಕರೆಸಿಕೊಳ್ಳದ ಗುಲಾಮರು ಓಡಿ ಓಡಿಯೇ ಆ ರಾಜಿಯನ್ನು ಮುರಿದರು. ಗೈಡಿನ ಎರಡೂವರೆ ಪುಟದಲ್ಲಿ ಇದು ಇರಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರು. ಅದೇ 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ 1820ರ ಹಳೆಯ ಗೆರೆ ಅಳಿಸಿ, ಕಾನ್ಸಾಸ್‌ನವರು ಗುಲಾಮಗಿರಿ ಬೇಕೋ ಬೇಡವೋ ವೋಟು ಹಾಕಿ ತೀರ್ಮಾನಿಸಲಿ ಅಂದ. ಮರುವರ್ಷದ ಚುನಾವಣೆಯಲ್ಲಿ ಮತದಾರರು ಸುಮಾರು 3 ಸಾವಿರ, ಬಿದ್ದ ವೋಟು 6 ಸಾವಿರದ ಮೇಲೆ! ಮಿಸೌರಿಯವರು ಗಡಿ ದಾಟಿ ಬಂದು ಹಾಕಿದ್ದರು. 1856ರಲ್ಲಿ ಪ್ರೆಸ್ಟನ್ ಬ್ರೂಕ್ಸ್ ಎಂಬ ದಕ್ಷಿಣದ ಸಂಸದ ಸೆನೆಟ್‌ನೊಳಗೇ ಗುಲಾಮಗಿರಿಯ ವಿರುದ್ಧ ಮಾತಾಡಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್‌ನನ್ನು ಕೈಕೋಲಿನಿಂದ ರಕ್ತ ಬರುವಂತೆ ಹೊಡೆದ. ದಕ್ಷಿಣದ ಅಭಿಮಾನಿಗಳು ಅವನಿಗೆ ಹೊಸ ಕೋಲುಗಳನ್ನು ಕಳಿಸಿಕೊಟ್ಟರು. 1857ರಲ್ಲಿ, ಬಿಡುಗಡೆ ಕೇಳಿ ಹನ್ನೊಂದು ವರ್ಷ ಕೋರ್ಟು ಅಲೆದಿದ್ದ ಗುಲಾಮ ಡ್ರೆಡ್ ಸ್ಕಾಟ್‌ಗೆ ಸುಪ್ರೀಂ ಕೋರ್ಟು, ಕರಿಯರು ಈ ದೇಶದ ಪ್ರಜೆಗಳೇ ಅಲ್ಲ ಅಂದಿತು. ಗುಲಾಮರ ದಂಗೆ ಎಬ್ಬಿಸಬೇಕೆಂದು ಜಾನ್ ಬ್ರೌನ್ ಎಂಬ ಬಿಳಿಯ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿದ್ದು 1859ರಲ್ಲಿ. ಅವನು ಮಾಡಿದ್ದು ಸರಿಯೋ ತಪ್ಪೋ ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ಇಬ್ಬರು ಕಚ್ಚಾಡುತ್ತಾರೆ.

ನಾನೀಗ ಕೆಲಸದ ಮೇಲೆ ಅಮೆರಿಕದ ದಕ್ಷಿಣದ ಊರೊಂದರಲ್ಲಿದ್ದೇನೆ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು, ಯುದ್ಧ ಆದದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ ಅಂದರು. ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದ ಮೇಲೆ, 1860ರ ಡಿಸೆಂಬರ್‌ನಲ್ಲಿ, ಒಕ್ಕೂಟದಿಂದ ಮೊದಲು ಬೇರೆಯಾದ ದಕ್ಷಿಣ ಕೆರೊಲಿನಾ ಅದಕ್ಕೆ ಕಾರಣ ಕೊಟ್ಟು ಹೊರಡಿಸಿದ ಘೋಷಣೆಯನ್ನು ಫೋನಿನಲ್ಲೇ ತೆಗೆದು ತೋರಿಸಿದೆ. ಅದರಲ್ಲಿ ಉತ್ತರದ ಹದಿಮೂರು ರಾಜ್ಯಗಳ ಹೆಸರು ಹಿಡಿದು ದೂರಿದ್ದಾರೆ. ಆ ರಾಜ್ಯಗಳ ತಪ್ಪೇನು ಅಂದರೆ, ಓಡಿಬಂದ ಗುಲಾಮರನ್ನು ಹಿಂದಕ್ಕೆ ಒಪ್ಪಿಸುವುದಕ್ಕೆ ಅಡ್ಡಿಯಾಗುವಂತೆ ತಮ್ಮದೇ ಕಾನೂನು ಮಾಡಿಕೊಂಡದ್ದು. ಹಾಗಾದರೆ ಯಾವ ರಾಜ್ಯದ ಹಕ್ಕು ಅಂತ ಕೇಳಿದೆ. ಲಿಂಕ್ ಕಳಿಸಿ, ಓದಿ ಹೇಳ್ತೀನಿ ಅಂದಿದ್ದಾರೆ.