ಚಾವಡಿಯೇ ಚಿತ್ರಶಾಲೆಯಾದ ಭಾನುವಾರ

ಕಾಸರಗೋಡಿನಿಂದ ಉತ್ತರಕ್ಕೂ ಪೂರ್ವಕ್ಕೂ, ಬದಿಯಡ್ಕ, ನೀರ್ಚಾಲು, ಕುಂಬಳೆಗಳ ನಡುವೆ ಹರಡಿಕೊಂಡಿರುವ ಗುಡ್ಡೆ ಮತ್ತು ಅಡಕೆ ತೋಟಗಳ ಸೀಮೆಯಲ್ಲಿ ಕಲಾವಿದರಿಗೆ ಕೊರತೆಯಿಲ್ಲ. ಅವರ ಕೆಲಸವನ್ನು ನಿಂತು ನೋಡುವುದಕ್ಕೆ ಒಂದು ಜಾಗ ಮಾತ್ರ ಇಲ್ಲ. ಕೇರಳ ಲಲಿತಕಲಾ ಅಕಾಡೆಮಿಯ ಕೇಂದ್ರ ಕಚೇರಿ ದೂರದ ತ್ರಿಶ್ಶೂರಿನಲ್ಲಿದೆ. ಜಿಲ್ಲೆಯೊಳಗೆ ಅದರ ಗ್ಯಾಲರಿ ಇರುವುದು ಕಾಞಂಗಾಡಿನಲ್ಲಿ. ಭಾಷೆಯ ನಂಟಿನಿಂದ ಬೆಂಗಳೂರಿನ ಚಿತ್ರಸಂತೆಗೆ ಹೊರಟವರು ರಾತ್ರಿ ಬಸ್ಸಿನಲ್ಲಿ ಚಿತ್ರಗಳನ್ನು ಮಡಿಲಲ್ಲಿಟ್ಟುಕೊಂಡು ಘಟ್ಟ ಹತ್ತಬೇಕು, ಒಂದು ದಿನ ಕುಮಾರಕೃಪಾ ರಸ್ತೆಯ ಬದಿಯಲ್ಲಿ ಕೂರಬೇಕು, ಮಾರಾಟವಾಗದೆ ಉಳಿದದ್ದನ್ನು ಮರುದಿನ ಹಾಗೆಯೇ ಹೊತ್ತು ತರಬೇಕು. ಹೀಗಾಗಿ ಪಕ್ಕದ ಮನೆಯಲ್ಲೇ ಒಬ್ಬರು ದಿನವಿಡೀ ಬಣ್ಣ ಕಲಸುತ್ತಿರುವುದು ನೆರೆಯವರಿಗೆ ತಿಳಿಯುವುದು ಎಷ್ಟೋ ಸಲ ಪತ್ರಿಕೆಯಲ್ಲಿ ಅವರ ಭಾವಚಿತ್ರ ಬಂದ ಮೇಲೆಯೇ.

ಆದ್ದರಿಂದ ನಮ್ಮ ಊರಿನ ಗ್ರಂಥಾಲಯದ ಬಳಗದಲ್ಲಿ ಕಲಾವಿದರ ಮನೆಗಳಿಗೇ ಒಂದು ದಿನ ನಡೆದುಹೋಗೋಣವೆಂಬ ಮಾತು ಬಂದಾಗ ನಾನು ಅದನ್ನು ಕೂಡಲೇ ಒಪ್ಪಿಕೊಂಡೆ. ಜಗತ್ತಿಗೆ ಇದು ಹೊಸತಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1975ರಿಂದಲೂ ವರ್ಷಕ್ಕೊಮ್ಮೆ ಕಲಾವಿದರು ತಮ್ಮ ಸ್ಟುಡಿಯೋಗಳ ಬಾಗಿಲು ತೆರೆದಿಟ್ಟು ಸಾರ್ವಜನಿಕರನ್ನು ಒಳಗೆ ಕರೆಯುವ ಕ್ರಮವಿದೆ, ಮತ್ತು ಈಗ ಅನೇಕ ನಗರಗಳು ಅದನ್ನು ಅನುಸರಿಸುತ್ತಿವೆ. ನಮ್ಮಲ್ಲಿ ಸ್ಟುಡಿಯೋ ಎಂಬ ಪ್ರತ್ಯೇಕ ಕೋಣೆ ಇರುವ ಕಲಾವಿದರು ಬೆರಳೆಣಿಕೆಯಷ್ಟು ಮಾತ್ರ. ಚಾವಡಿಯ ಒಂದು ಮೂಲೆ, ಅಟ್ಟ, ಅಡುಗೆಕೋಣೆಯ ಹಿಂದಿನ ಉಗ್ರಾಣ, ಹಸು ಸಾಕುವುದನ್ನು ಬಿಟ್ಟ ಮೇಲೆ ಖಾಲಿಯಾದ ಹಟ್ಟಿ, ಇವೇ ಇಲ್ಲಿನ ಸ್ಟುಡಿಯೋಗಳು. ಕೆಲಸದ ಜಾಗವನ್ನು ತೆರೆಯಿರಿ ಎಂದು ಕೇಳುವುದೆಂದರೆ ಮನೆಯನ್ನೇ ತೆರೆಯಿರಿ ಎಂದು ಕೇಳಿದಂತೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಕಾಸರಗೋಡಿನ ಪಿಲಿಕುಂಜೆಯಲ್ಲಿ ಕೆ.ವಿ. ರಮೇಶರ ನೇತೃತ್ವದ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಬೊಂಬೆಮನೆ ಇದೆ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ವೇಷಭೂಷಣ ತೊಟ್ಟ, ಸುಮಾರು ಒಂದೂವರೆ ಅಡಿ ಎತ್ತರದ ಸೂತ್ರದ ಬೊಂಬೆಗಳನ್ನು ರಂಗದ ಮೇಲೆ ಕಂಡಾಗ ಅವು ಕುಣಿಯುವ ವೇಷಗಳಾಗಿಯೇ ಕಾಣುತ್ತವೆ. ಅವುಗಳ ಮರ, ಬಟ್ಟೆ, ದಾರಗಳು ಕಣ್ಣಿಗೆ ಬೀಳಬೇಕಾದರೆ ಅವು ತಂಗಿರುವ ಮನೆಗೇ ಹೋಗಬೇಕು. ಮಧೂರು ದೇವಸ್ಥಾನದ ಮರದ ಕೆತ್ತನೆಗಳ ಮುಂದೆ ನಿಂತಾಗಲೆಲ್ಲ ಇದೇ ಯೋಚನೆ ನನ್ನನ್ನು ಕಾಡುತ್ತದೆ. ಆ ರಾಮಾಯಣದ ಸಾಲುಗಳನ್ನು ಕೆತ್ತಿದವರು ಯಾವ ಮರದ ನೆರಳಲ್ಲಿ ಕೂತಿದ್ದರು, ಎಷ್ಟು ಹಲಗೆ ಸೀಳಿ ಹಾಳಾದವು ಎಂಬುದನ್ನು ಹೇಳುವ ಗುರುತು ಅಲ್ಲಿ ಏನೂ ಉಳಿದಿಲ್ಲ.

ಮನೆಗಳು ಒಪ್ಪಿದರೂ ದಿನ ಗೊತ್ತುಮಾಡುವುದು ಸುಲಭವಾಗಲಿಲ್ಲ. ಮೊದಲು ಮಾಘದ ತಂಪು ದಿನಗಳೆಂದು ಅಂದುಕೊಂಡೆವು; ಆದರೆ ಆಗ ಪ್ರತಿ ಮನೆಯ ಅಂಗಳದಲ್ಲೂ ಅಡಕೆ ಒಣಗುತ್ತಿರುತ್ತದೆ, ಕಾಲಿಡುವುದಕ್ಕೆ ಜಾಗವಿರುವುದಿಲ್ಲ, ಮನೆಯವರಿಗೆ ತಲೆ ಎತ್ತುವ ಪುರುಸೊತ್ತೂ ಇರುವುದಿಲ್ಲ. ಅಲ್ಲದೆ ದೀಪಾವಳಿಯ ಬಳಿಕ ಮೇ ಕೊನೆಯ ಹೊತ್ತಿನ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುವುದರಿಂದ ವೇಷಭೂಷಣದವರ ಸಾಮಾನುಗಳೆಲ್ಲ ಪೆಟ್ಟಿಗೆಯೊಳಗೆ ಸೇರಿ ಊರೂರು ಸುತ್ತುತ್ತಿರುತ್ತವೆ. ಆಟಿ ತಿಂಗಳಲ್ಲಿ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಆ ಹೊತ್ತಿಗೆ ಜಲವರ್ಣದ ಕಾಗದ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ ಬೂಸು ಹಿಡಿಯುವುದಕ್ಕೆ ಶುರುವಾಗಿರುತ್ತದೆ. ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಡುವ, ಅಡಕೆ ಕೊಯ್ಲು ಇನ್ನೂ ಶುರುವಾಗದ, ಮೇಳಗಳಿಗೆ ಹೊಸ ಸಾಮಾನು ಸಿದ್ಧವಾಗುತ್ತಿರುವ ಸಮಯ ನೋಡಿ ನವರಾತ್ರಿಗೆ ಮುನ್ನಿನ ಒಂದು ಭಾನುವಾರವನ್ನು ಆರಿಸಿಕೊಂಡೆವು. ಚೌತಿ ಮುಗಿದಿದ್ದರಿಂದ ಮಣ್ಣಿನ ಗಣಪತಿ ಮಾಡುವವರ ಮನೆ ಆ ಸಲ ಪಟ್ಟಿಯಿಂದ ಹೊರಗುಳಿಯಿತು. ಅವರಿಗೆ ಸ್ವಲ್ಪ ಬೇಸರವಾದದ್ದು ಸಹಜ.

ಮೊದಲು ಹೋದದ್ದು ಯಕ್ಷಗಾನದ ಕಿರೀಟ, ಆಭರಣಗಳನ್ನು ಮಾಡುವವರ ಮನೆಗೆ. ಅವರ ಕೆಲಸ ನಡೆಯುವುದು ಹಿಂದೆ ಹಟ್ಟಿಯಾಗಿದ್ದ, ಈಗ ಸಿಮೆಂಟಿನ ನೆಲ ಹಾಕಿಸಿದ ಉದ್ದನೆಯ ಕೋಣೆಯಲ್ಲಿ. ಬಂದವರು ಹೊಳೆಯುವ ಕಿರೀಟಗಳನ್ನು ಎದುರುನೋಡುತ್ತಿದ್ದರು. ಅಲ್ಲಿ ಕಂಡದ್ದು ಹಗುರ ಮರದ ಬಿಳಿಚಿದ ತುಂಡುಗಳು, ನೆಲದ ತುಂಬ ಸಿಪ್ಪೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಕನ್ನಡಿ ಚೂರು. ಅವರು ಮಾತಿಗಿಂತ ಮೊದಲು ಕೆಲಸಕ್ಕೇ ಕೈಹಾಕಿದರು. ಭುಜಕೀರ್ತಿಯ ಆಕಾರಕ್ಕೆ ಕೊರೆದಿಟ್ಟ ಹಲಗೆಯ ಮೇಲೆ ಅಂಟು ಸವರಿ, ಚಿನ್ನದ ಬಣ್ಣದ ಬೇಗಡೆಯನ್ನು ಹಾಸಿ, ಮೊಂಡಾದ ಒಂದು ಕಡ್ಡಿಯಿಂದ ಕೊರೆದ ಗೆರೆಗಳೊಳಗೆ ಅದನ್ನು ಒತ್ತುತ್ತ ಹೋದರು. ಸ್ವಲ್ಪ ಹೆಚ್ಚು ಒತ್ತಿದರೆ ಬೇಗಡೆ ಹರಿಯುತ್ತದೆ, ಕಡಿಮೆಯಾದರೆ ಗೆರೆ ಮೂಡುವುದಿಲ್ಲ. ಪ್ರೇಕ್ಷಕನ ಕಣ್ಣಿಗೆ ಭಾರವಾದ ಚಿನ್ನದಂತೆ ಕಾಣುವ ವಸ್ತು ಇಡೀ ರಾತ್ರಿ ಕುಣಿಯುವವನ ಮೈಗೆ ಭಾರವಾಗಬಾರದು. ಈ ಕಸುಬಿನ ಲೆಕ್ಕಾಚಾರವೆಲ್ಲ ನಿಂತಿರುವುದು ಇದರ ಮೇಲೆ.

ಬಳಿಕ ಅವರು ದುರಸ್ತಿಗೆ ಬಂದಿದ್ದ ಕೇಸರಿ ತಟ್ಟಿ ಎಂಬ ಒಂದು ಹಳೆಯ ದೊಡ್ಡ ಕಿರೀಟವನ್ನು ತಿರುಗಿಸಿ ಅದರ ಹಿಂಬದಿಯನ್ನು ತೋರಿಸಿದರು. ಮುಂದೆ ಕೆಂಪು, ಹಸುರು, ಚಿನ್ನ. ಹಿಂದೆ ಬರೀ ಮರ, ಹಗ್ಗದ ಗಂಟುಗಳು, ತಲೆ ತಾಗುವಲ್ಲಿ ಸುತ್ತಿದ ಬಟ್ಟೆ, ಆ ಬಟ್ಟೆಯ ಮೇಲೆ ಬೆವರು ಇಂಗಿ ಇಂಗಿ ಮೂಡಿದ ಕಂದು ಬಣ್ಣದ ನಕ್ಷೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳನ್ನು ಬಾಯಿಪಾಠ ಹೇಳಬಲ್ಲ ಹಿರಿಯರೊಬ್ಬರು ನಮ್ಮ ಜೊತೆಗಿದ್ದರು. ಇಷ್ಟು ವರ್ಷ ಆಟ ನೋಡಿಯೂ ಕಿರೀಟದ ಬೆನ್ನನ್ನು ನೋಡಿದ್ದು ಇದೇ ಮೊದಲೆಂದು ಅವರು ಹೇಳಿದರು. ಯಾರೋ ಒಬ್ಬರು ಈಗಿನ ಬೆಳಕಿನ ಬಗ್ಗೆ ಕೇಳಿದರು. “ಮೊದಲು ದೊಂದಿ, ಮತ್ತೆ ಗ್ಯಾಸ್‌ಲೈಟು. ಆ ಬೆಳಕಿಗೆ ಕನ್ನಡಿ ಬೇಕು ಮಾಷ್ಟ್ರೇ, ಇಲ್ಲದ್ರೆ ವೇಷ ಕಾಣುವುದಿಲ್ಲ. ಈಗಿನ ಎಲ್ಇಡಿಗೆ ಅಷ್ಟು ಕನ್ನಡಿ ಇಟ್ರೆ ಕಣ್ಣಿಗೆ ಕುಕ್ಕುತ್ತದೆ. ನಾನೀಗ ಕಡಿಮೆ ಮಾಡಿದ್ದೇನೆ” ಎಂದರು ಕಿರೀಟ ಮಾಡುವವರು. ಯಾವ ವಿಚಾರಸಂಕಿರಣದಲ್ಲೂ ನನಗೆ ಈ ಮಾತು ಕೇಳಲು ಸಿಕ್ಕಿರಲಿಲ್ಲ.

ಎರಡನೆಯದು ಶಾಲೆಯಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಜಲವರ್ಣದಲ್ಲಿ ಭೂದೃಶ್ಯಗಳನ್ನು ಬರೆಯುವ ಟೀಚರೊಬ್ಬರ ಮನೆ. ಅವರ ಅಟ್ಟ ಹತ್ತುವ ಏಣಿ ಕಡಿದಾದ್ದರಿಂದ ನಾಲ್ಕೈದು ಮಂದಿಯಂತೆ ಹೋಗಬೇಕಾಯಿತು, ಮತ್ತು ಅದು ಒಳ್ಳೆಯದೇ ಆಯಿತು. ಗೋಡೆಯ ಮೇಲಿನ ಚಿತ್ರಗಳಿಗಿಂತ ಎಲ್ಲರನ್ನೂ ಹಿಡಿದು ನಿಲ್ಲಿಸಿದ್ದು ಮೇಜಿನ ಮೇಲಿದ್ದ ಒಂದು ಕಾಗದ. ಅದರ ತುಂಬ ಬೆರಳಗಲದ ಹಸುರು ಪಟ್ಟಿಗಳು, ಪ್ರತಿಯೊಂದರ ಕೆಳಗೆ ಪೆನ್ಸಿಲಿನಲ್ಲಿ ಬರೆದ ಗುರುತು. ಟ್ಯೂಬಿನಲ್ಲಿ ಬರುವ ಹಸುರನ್ನು ಅವರು ನೇರವಾಗಿ ಬಳಸುವುದಿಲ್ಲ, ಏಕೆಂದರೆ ನಮ್ಮ ಕಡೆಯ ಹಸುರು ಒಂದಲ್ಲ: ಅಡಕೆ ಸೋಗೆಯ ಹಸುರು, ನೇಜಿಯ (ಭತ್ತದ ಸಸಿಯ) ಹಸುರು, ಮುರಕಲ್ಲಿನ ಮೇಲಿನ ಪಾಚಿಯ ಹಸುರು, ಮಳೆ ಮೋಡ ಕವಿದಾಗ ಇವೆಲ್ಲ ಕಪ್ಪಾಗಿ ತೋರುವ ಹಸುರು. ಅಲ್ಟ್ರಾಮರೀನ್ ನೀಲಿಗೆ ಗ್ಯಾಂಬೋಜ್ ಹಳದಿ ಬೆರೆಸಿ, ಅದಕ್ಕೆ ಒಂದು ಹನಿ ಬರ್ನ್ಟ್ ಸಿಯೆನ್ನಾ ಸೇರಿಸಿದಾಗ ಆ ಕಣ್ಣು ಕೋರೈಸುವ ಹಸುರು ತಗ್ಗಿ ತೋಟದ ನೆರಳಿನ ಹಸುರಾಗುವುದನ್ನು ಅವರು ನಮ್ಮೆದುರೇ ಮಾಡಿ ತೋರಿಸಿದರು. ಜಲವರ್ಣದಲ್ಲಿ ಬಿಳಿ ಬಣ್ಣವನ್ನು ಬಳಿಯುವುದಿಲ್ಲ, ಬಿಳಿ ಬೇಕಾದಲ್ಲಿ ಕಾಗದವನ್ನೇ ಖಾಲಿ ಬಿಡಬೇಕು. ಹೀಗಾಗಿ ತೋಡಿನ ನೀರಿನ ಮೇಲಿನ ಹೊಳಪು ಎಲ್ಲಿ ಬರಬೇಕೆಂದು ಮೊದಲ ಕುಂಚ ಊರುವ ಮುನ್ನವೇ ತೀರ್ಮಾನವಾಗಿರಬೇಕು. ಒಬ್ಬ ಹುಡುಗಿ, “ಟೀಚರ್, ತಪ್ಪಿದ್ರೆ ಅಳಿಸ್ಲಿಕ್ಕೆ ಆಗ್ತದಾ?” ಎಂದು ಕೇಳಿದಾಗ ಅವರು ಉತ್ತರ ಕೊಡದೆ ಮಂಚದಡಿಯಲ್ಲಿದ್ದ, ಕೆಟ್ಟುಹೋದ ಚಿತ್ರಗಳ ಕಟ್ಟನ್ನು ಕಾಲಿನಿಂದ ಮೆಲ್ಲನೆ ಮುಂದಕ್ಕೆ ದೂಡಿದರು.

ಮೂರನೆಯ ಮನೆಯ ವಿಷಯವನ್ನು ತುಸು ವಿವರವಾಗಿ ಹೇಳಬೇಕು. ಅಲ್ಲಿನ ಅಕ್ಕ ಕೇರಳದ ಭಿತ್ತಿಚಿತ್ರ ಶೈಲಿಯಲ್ಲಿ ಬಟ್ಟೆಯ ಮೇಲೆ ಬರೆಯುತ್ತಾರೆ. ಹಳದಿ, ಕೆಂಪು, ಹಸುರು, ಬಿಳಿ, ಕಪ್ಪು, ಈ ಐದೇ ಬಣ್ಣ. ನಾವು ಮೊದಲ ಸಲ ಕೇಳಲು ಹೋದಾಗ “ನಮ್ಮಲ್ಲಿ ಎಂತ ಉಂಟು ನೋಡ್ಲಿಕ್ಕೆ?” ಎಂದು ಅವರು ಮಾತು ಮುಗಿಸಿಬಿಟ್ಟಿದ್ದರು. ಅದು ವಿನಯವಲ್ಲ ಎಂದು ನನಗೆ ಅನಿಸಿದ್ದು ಅವರ ಉಗ್ರಾಣವನ್ನು ನೋಡಿದ ಮೇಲೆ. ಅಕ್ಕಿಯ ಗೋಣಿ, ಉಪ್ಪಿನಕಾಯಿಯ ಭರಣಿಗಳ ನಡುವೆ ಒಂದು ಹಲಗೆ, ಮೇಲೊಂದು ಬಲ್ಬು. ನೆಂಟರು ಬಂದರೆ, ಮನೆಯಲ್ಲಿ ತಿಥಿಯೋ ಪೂಜೆಯೋ ಇದ್ದರೆ ಆ ಹಲಗೆ ಗೋಡೆಗೆ ಒರಗುತ್ತದೆ. ಅವರು ಬರೆಯುತ್ತಾರೆಂದು ಮನೆಯವರಿಗೆಲ್ಲ ಗೊತ್ತಿತ್ತು, ಅದೊಂದು ಕೆಲಸವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಶೈಲಿಯಲ್ಲಿ ಹಳದಿಯಿಂದ ಶುರುಮಾಡಿ, ಕೆಂಪು, ಹಸುರುಗಳನ್ನು ತೆಳುವಾಗಿ ಪದರ ಪದರವಾಗಿ ಕಟ್ಟುತ್ತ ಹೋಗಿ, ಕಪ್ಪು ಗೆರೆಯನ್ನು ಕೊನೆಗೆ ಎಳೆಯುತ್ತಾರೆ; ಎಲ್ಲಕ್ಕಿಂತ ಕೊನೆಗೆ ಕಣ್ಣು ತೆರೆಯುತ್ತಾರೆ. ಅವರ ಹಲಗೆಯ ಮೇಲಿದ್ದ ಗಣಪತಿಗೆ ಇನ್ನೂ ಕಣ್ಣಾಗಿರಲಿಲ್ಲ. ಅಲ್ಲಿಗೆ ಬಂದ ನೆರೆಮನೆಯ ಹೆಂಗಸರು ಚಿತ್ರದ ಬಗ್ಗೆ ಕೇಳಿದ್ದಕ್ಕಿಂತ ಹೆಚ್ಚಾಗಿ ಸಮಯದ ಬಗ್ಗೆ ಕೇಳಿದರು: ಎಷ್ಟು ಗಂಟೆಗೆ ಕೂರುವುದು, ಒಲೆಯ ಮೇಲೆ ಕುಕ್ಕರ್ ಇರುವಾಗ ಕುಂಚ ಹಿಡಿಯಲು ಆಗುತ್ತದೆಯೇ, ಮನೆಯವರು ಏನೂ ಹೇಳುವುದಿಲ್ಲವೇ. ಮೂರೂ ಮನೆಗಳಲ್ಲಿ ನಡೆದ ಮಾತುಗಳಲ್ಲಿ ಇವುಗಳಿಗೇ ಹೆಚ್ಚು ತೂಕವಿತ್ತೆಂದು ನನ್ನ ಅಭಿಪ್ರಾಯ. ಗ್ಯಾಲರಿಯಲ್ಲಿ ಈ ಪ್ರಶ್ನೆಗಳನ್ನು ಕೇಳಲು ಯಾರಿಗೂ ತೋಚುವುದಿಲ್ಲ, ಏಕೆಂದರೆ ಅಲ್ಲಿ ಉಗ್ರಾಣವಿರುವುದಿಲ್ಲ.

ತೊಡಕುಗಳೂ ಇದ್ದವು. ಯಾವ ಮನೆಯಲ್ಲೂ ತಿಂಡಿ ಬೇಡ, ಬೆಲ್ಲ ನೀರು ಸಾಕು ಎಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದೆವು. ಇಲ್ಲವಾದರೆ ಮನೆಯ ಹೆಂಗಸರು ಹಿಂದಿನ ದಿನದಿಂದಲೇ ಅಡುಗೆಗೆ ನಿಲ್ಲುತ್ತಾರೆ, ಅವರಲ್ಲೊಬ್ಬರು ಸ್ವತಃ ಕಲಾವಿದೆಯಾದರೆ ತೋರಿಸಬೇಕಾದ ಕೆಲಸವೇ ನಿಂತುಹೋಗುತ್ತದೆ. ಆದರೂ ಎರಡು ಕಡೆ ಅವಲಕ್ಕಿ, ಒಂದು ಕಡೆ ಪುನರ್ಪುಳಿ ಶರಬತ್ತಿನ ಜೊತೆಗೆ ಹೋಳಿಗೆ ಸಿದ್ಧವಾಗಿತ್ತು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳುಹಿಸಬಾರದೆಂಬ ಪದ್ಧತಿಯ ಮುಂದೆ ನಮ್ಮ ನಿಯಮ ನಿಲ್ಲಲಿಲ್ಲ.

ಬೆಲೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಅಂಗಡಿಯಲ್ಲಿ ಚೌಕಾಸಿ ಮಾಡುವುದು ಬೇರೆ, ಒಬ್ಬರ ಮನೆಯಲ್ಲಿ ಅವರ ಅತ್ತೆ, ಮಕ್ಕಳ ಎದುರು ಚೌಕಾಸಿ ಮಾಡುವುದು ಬೇರೆ. ಹಾಗೆಂದು ಹಣದ ಮಾತೇ ಎತ್ತದಿರುವುದೂ ಸರಿಯಲ್ಲ, ಏಕೆಂದರೆ ಮೆಚ್ಚುಗೆಯಿಂದ ಬಣ್ಣ ಕೊಳ್ಳಲಾಗುವುದಿಲ್ಲ. ಬೆಲೆಯನ್ನು ಚಿತ್ರದ ಹಿಂದೆ ಚೀಟಿಯಲ್ಲಿ ಬರೆದು, ವ್ಯವಹಾರವನ್ನು ಕಲಾವಿದರ ಬದಲು ಬಳಗದ ಒಬ್ಬರು ಅಂಗಳದಲ್ಲಿ ಕೂತು ನೋಡಿಕೊಂಡರು. ಮಾರಾಟವಾದದ್ದು ಹೆಚ್ಚಿಲ್ಲ; ಆದರೆ ಕೊಂಡವರಲ್ಲಿ ಯಾರೂ ಬೆಲೆ ತಗ್ಗಿಸಲು ಕೇಳಲಿಲ್ಲ. ಎದುರಿಗೇ ಬೇಗಡೆ ಒತ್ತುವುದನ್ನು, ಹಸುರು ತಗ್ಗಿಸುವುದನ್ನು ನೋಡಿದ ಬಳಿಕ ಹಾಗೆ ಕೇಳಲು ಬಾಯಿ ಬಾರದು.

ನಿಜವಾಗಿ ಕೆಟ್ಟದೆನಿಸಿದ್ದು ಒಂದೇ ಘಟನೆ. ಬಂದವರಲ್ಲಿ ಒಬ್ಬರು ಕಣ್ಣು ಬರೆಯದ ಆ ಗಣಪತಿಯ ಫೋಟೋ ತೆಗೆದು ಅಂದೇ ಸಂಜೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಅಕ್ಕನಿಗೆ ಅದರಿಂದ ಬಹಳ ನೋವಾಯಿತು. ಮುಗಿಯದ ಕೆಲಸವನ್ನು ತೋರಿಸುವುದು ಎದುರು ನಿಂತವರ ಮೇಲಿನ ವಿಶ್ವಾಸದಿಂದ, ಅಲ್ಲಿಲ್ಲದ ನೂರಾರು ಜನರಿಗಾಗಿ ಅಲ್ಲ. ಕಲಾವಿದರು ಸಹಿ ಹಾಕದ ಕೆಲಸದ ಫೋಟೋ ತೆಗೆಯಬಾರದೆಂಬ ನಿಯಮ ಇನ್ನು ಮುಂದೆ ಇರುತ್ತದೆ.

ಇಂಥ ಭೇಟಿಗಳು ದೊಡ್ಡದಾಗಿ ಬೆಳೆಯಲಿ ಎಂದು ಕೆಲವರು ಹೇಳುತ್ತಿದ್ದಾರೆ. ನನಗೆ ಅದರಲ್ಲಿ ಅಷ್ಟು ಉತ್ಸಾಹವಿಲ್ಲ. ಒಡಿಶಾದ ಪುರಿಯ ಸಮೀಪದ ರಘುರಾಜಪುರದಲ್ಲಿ ಮನೆಮನೆಯಲ್ಲೂ ಪಟ್ಟಚಿತ್ರ ಬರೆಯುತ್ತಾರೆ, ಅದು ಆ ಊರಿನ ಬದುಕಿಗೆ ಆಧಾರವಾಗಿದೆ. ಆದರೆ ಬೀದಿಯಲ್ಲಿ ನಡೆದು ಹೋಗುವವರನ್ನು ಪ್ರತಿ ಜಗಲಿಯಿಂದಲೂ ಒಳಗೆ ಕರೆಯುವಾಗ, ನೋಡುವವನು ಗಿರಾಕಿಯಾಗದೆ ಬೇರೆ ದಾರಿಯಿಲ್ಲ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಮದ್ರಾಸಿನ ಬಳಿ ಹುಟ್ಟಿದ ಚೋಳಮಂಡಲದ ಕಲಾವಿದರು ಕರಕುಶಲ ವಸ್ತುಗಳನ್ನು ಮಾಡಿ ಮಾರುತ್ತ, ಅದರ ಬಲದಿಂದ ತಮ್ಮ ಚಿತ್ರ, ಶಿಲ್ಪಗಳನ್ನು ತಮಗೆ ಬೇಕಾದಂತೆ ಮಾಡಿಕೊಂಡರು. ಆದರೆ ಅದು ಕಲಾವಿದರೇ ಜಾಗ ಕೊಂಡು ಕಟ್ಟಿದ ಊರು. ನಮ್ಮದು ಅಡಕೆ, ಹಸು, ನೆಂಟರು ಇವುಗಳ ನಡುವೆ ಒಂದು ಹಲಗೆಗೆ ಮಾತ್ರ ಜಾಗವಿರುವ ಮನೆಗಳ ಸಾಲು. ಇಲ್ಲಿಗೆ ಹೊಂದುವುದು ಸಣ್ಣ ಗುಂಪು, ನಡಿಗೆ ದೂರ, ವರ್ಷಕ್ಕೊಂದು ದಿನ.

ಮುಂದಿನ ಸಲಕ್ಕೆ ಮಾತುಕತೆ ಈಗಾಗಲೇ ನಡೆಯುತ್ತಿದೆ. 1938ರಲ್ಲಿ ಸ್ಥಾಪನೆಯಾದ ಕಾಸರಗೋಡು ನೇಕಾರರ ಸಹಕಾರ ಸಂಘದ ಸೀರೆಗಳಿಗೆ ಭೌಗೋಳಿಕ ಗುರುತೂ ದೊರೆತಿರುವುದರಿಂದ, ವಿದ್ಯಾನಗರಕ್ಕೆ ಹೋಗಿ ಮಗ್ಗಗಳನ್ನೂ ನೋಡಬೇಕೆಂದು ಕೆಲವರ ಆಸೆ. ಅದು ಮನೆಯಲ್ಲ, ಶೆಡ್ಡು, ಆದ್ದರಿಂದ ಬೇರೆಯೇ ದಿನ ಇಟ್ಟುಕೊಳ್ಳುವುದು ಲೇಸು. ಗಣಪತಿ ಮಾಡುವವರು ಚೌತಿಗೆ ಹದಿನೈದು ದಿನ ಮೊದಲೇ ಬರಬೇಕೆಂದು ಹೇಳಿ ಕಳುಹಿಸಿದ್ದಾರೆ. ಉಗ್ರಾಣದ ಅಕ್ಕ ಮತ್ತೊಮ್ಮೆ ಬಾಗಿಲು ತೆರೆಯಲು ಒಪ್ಪಿದ್ದಾರೆ. ಅವರ ಷರತ್ತು ಎರಡು: ಒಂದು ಹೊತ್ತಿಗೆ ಹತ್ತು ಜನಕ್ಕಿಂತ ಹೆಚ್ಚು ಬರಬಾರದು, ಮತ್ತು ದಿನ ಭಾನುವಾರವಾಗಿರಬಾರದು, ಏಕೆಂದರೆ ಭಾನುವಾರ ಅವರ ಮನೆಗೆ ಹೇಗೂ ನೆಂಟರು ಬರುತ್ತಾರೆ.