ಅಳತೆ ಒಂದೇ ಇರಲಿ, ಬಣ್ಣ ನಿಮ್ಮಿಷ್ಟ

ತುಂಡು ಬಟ್ಟೆ ಜೋಡಿಸಿ ಮಾಡುವ ಹೊದಿಕೆ, ಅಂದರೆ ಕ್ವಿಲ್ಟ್, ಹೊಲಿಯುವ ನಾವು ಹನ್ನೆರಡು ಜನ ಸೇರಿ ಬ್ಲಾಕ್ ಅದಲುಬದಲು ಮಾಡಿಕೊಂಡೆವು. ಬ್ಲಾಕ್ ಅಂದರೆ ತುಂಡುಗಳನ್ನು ಕೂಡಿಸಿ ಹೊಲಿದ ಒಂದು ಚೌಕ, ಅಂಥವನ್ನು ಜೋಡಿಸಿದರೆ ಕ್ವಿಲ್ಟ್. ಲೆಕ್ಕ ಸುಲಭ. ಒಬ್ಬೊಬ್ಬರೂ ಹನ್ನೆರಡು ಬ್ಲಾಕ್ ಹೊಲಿದು ನನಗೆ ಕಳಿಸುವುದು, ನಾನು ಅವನ್ನೆಲ್ಲ ವಿಂಗಡಿಸಿ ಎಲ್ಲರಿಗೂ ಎಲ್ಲರ ಕೈಯದೂ ಒಂದೊಂದು ಬರುವ ಹಾಗೆ ವಾಪಸ್ ಕಳಿಸುವುದು. ಹನ್ನೆರಡು ಇಂಚಿನ ಹನ್ನೆರಡು ಬ್ಲಾಕ್ ಜೋಡಿಸಿದರೆ 36 ಇಂಚು ಅಗಲ, 48 ಇಂಚು ಉದ್ದ ಆಗುತ್ತದೆ. ಮಗುವಿಗೆ ಹೊದಿಸೋಕೆ ಸಾಕು. ಸಿಂಗಲ್ ಮಂಚದ ಅಳತೆಗೆ 35 ಬ್ಲಾಕ್ ಬೇಕು, ಅಷ್ಟಕ್ಕೆ ಯಾರೂ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಇಂಥದ್ದನ್ನು ನಡೆಸುವ ಯೋಚನೆ ಇರುವವರಿಗೆ ನಾನು ಹೇಳೋದು ಇಷ್ಟೇ. ಅಳತೆ ವಿಷಯದಲ್ಲಿ ಕಟ್ಟುನಿಟ್ಟಾಗಿರಿ, ಬಣ್ಣದ ತಂಟೆಗೆ ಹೋಗಬೇಡಿ. ಗುಂಪಿನಲ್ಲಿ ನಡೆಯೋದು ಮಾತ್ರ ಉಲ್ಟಾ. ತಿಳಿ ಹಳದಿಯೋ ಗಾಢ ಹಳದಿಯೋ ಅಂತ ರಾತ್ರಿ ಹನ್ನೊಂದರವರೆಗೂ ಮೆಸೇಜು, ಅಳತೆ ಅಂದ ಕೂಡಲೇ "ಅಕ್ಕಾ, ಹನ್ನೆರಡಾದ್ರೇನು ಹನ್ನೆರಡೂವರೆ ಆದ್ರೇನು, ಕೊನೆಗೆ ಜೋಡಿಸಿ ಹೊಲೀತೀವಲ್ಲ?" ಅಂತ ಒಬ್ಬಳು.

ಹಾಗಲ್ಲ ಮಾರಾಯ್ತಿ. ನಾವು ಆರಿಸಿಕೊಂಡಿದ್ದು ಚರ್ನ್ ಡ್ಯಾಶ್ ಅನ್ನೋ ಬ್ಲಾಕ್ ವಿನ್ಯಾಸ. ನಡುವೆ ಒಂದು ಚೌಕ, ನಾಲ್ಕು ಮೂಲೆಗೆ ಎರಡು ಬಣ್ಣದ ತ್ರಿಕೋನ ಕೂಡಿಸಿದ ಚೌಕ, ನಡುವಿನ ಚೌಕದ ನಾಲ್ಕೂ ಕಡೆ ಎರಡೆರಡು ಪಟ್ಟಿ. ಬ್ಲಾಕ್ ಕೈಗೆ ಬಂದಾಗ ಹನ್ನೆರಡೂವರೆ ಇಂಚು ಇರಬೇಕು, ಪಕ್ಕದ ಬ್ಲಾಕಿಗೆ ಕೂಡಿಸಿದ ಮೇಲೆ ಸರಿಯಾಗಿ ಹನ್ನೆರಡು. ಹೊಲಿಗೆ ಅಂಚಿನಿಂದ ಕಾಲಿಂಚು ಒಳಗೆ. ಈಗ ನೋಡಿ, ಕಾಲಿಂಚಿನ ಬದಲು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಒಳಗೆ ಹೊಲಿದರೆ ಕಣ್ಣಿಗೆ ಗೊತ್ತೇ ಆಗಲ್ಲ. ಆದರೆ ಎರಡೂ ಬಟ್ಟೆಯಿಂದ ಅಷ್ಟಷ್ಟು ಹೋಗುತ್ತದೆ, ನಡುವಿನ ಸಾಲಿನಲ್ಲಿ ಮೇಲಿಂದ ಕೆಳಗೆ ನಾಲ್ಕು ಹೊಲಿಗೆ ಇರುತ್ತವೆ, ಕೊನೆಗೆ ಅರ್ಧ ಇಂಚೇ ಮಾಯ. ಮೂಲೆ ಇರುವ ಅಕ್ಕಪಕ್ಕದ ಸಾಲಿನಲ್ಲಿ ಎರಡೇ ಹೊಲಿಗೆ, ಹಾಗಾಗಿ ಅಲ್ಲಿ ಕಾಲಿಂಚು ಮಾತ್ರ ಹೋಗಿರುತ್ತದೆ. ಎರಡೂ ಹೊಂದಿಕೊಳ್ಳೋದು ಹೇಗೆ? ಎಳೆದು ಇಸ್ತ್ರಿ ಮಾಡಿ ಕೂಡಿಸುತ್ತಾರೆ, ಬ್ಲಾಕ್ ಹಪ್ಪಳದ ಹಾಗೆ ಉಬ್ಬುತ್ತದೆ.

ಇದಕ್ಕೊಂದು ಪರೀಕ್ಷೆ ಇದೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಒಂದರ ಪಕ್ಕ ಒಂದು ಹೊಲಿದು, ಇಸ್ತ್ರಿ ಮಾಡಿ ಅಳೆಯಿರಿ. ಒಟ್ಟು ಮೂರೂವರೆ ಇಂಚು ಬರಬೇಕು, ನಡುವಿನ ಪಟ್ಟಿ ಸರಿಯಾಗಿ ಒಂದಿಂಚು. ಬರದಿದ್ದರೆ ಸೂಜಿಯಿಂದ ಕಾಲಿಂಚು ಅಳೆದು ಮಷೀನಿನ ಮೇಲೆ ಟೇಪ್ ಅಂಟಿಸಿಕೊಳ್ಳಿ. ಮಾಮೂಲಿ ಮಷೀನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಅಂಚು ನಂಬಬೇಡಿ, ಅದು ಕಾಲಿಂಚಿಗೇ ಇರಬೇಕು ಅಂತೇನಿಲ್ಲ. ನಾನಂತೂ ಮೊದಲು ಒಂದೇ ಬ್ಲಾಕ್ ತರಿಸಿಕೊಂಡೆ, ಅಳೆದು ನೋಡಿ ಸರಿ ಅಂದ ಮೇಲೇ ಉಳಿದ ಹನ್ನೊಂದು. ಇಬ್ಬರಿಗೆ ಸ್ವಲ್ಪ ಮುನಿಸು ಬಂತು. ಬರಲಿ ಬಿಡಿ, ಹನ್ನೆರಡೂ ಬಂದ ಮೇಲೆ ವಾಪಸ್ ಕಳಿಸಿದ್ದರೆ ಮಾತೇ ಬಿಡುತ್ತಿದ್ದರು.

ನಮ್ಮಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ ಅನ್ನೋದೂ ನಿಜ. ಕೌದಿಗೆ ಬ್ಲಾಕ್ ಎಲ್ಲಿದೆ? ಕೆಳಗೆ ಹಳೇ ಸೀರೆ ಹಾಸಿ ಮೇಲೆ ತುಂಡು ಇಡುತ್ತ ಹೋಗೋದು, ಸಾಲು ಹೊಲಿಗೆ ಹಾಕೋದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ತುಂಡು ದೊಡ್ಡದಾದರೆ ಅಂಚು ಮಡಚಿದರಾಯಿತು, ಸ್ಕೇಲಿನ ಮಾತೇ ಇಲ್ಲ. ನನಗೆ ಕೇಳಿದರೆ ಅದೇ ಹೆಚ್ಚು ಜಾಣತನದ ಕೆಲಸ. ಆದರೆ ಅದು ಒಂದೇ ಕಡೆ ಕೂತು ಹೊಲಿಯುವವರಿಗೆ. ಹುಬ್ಬಳ್ಳಿಯ ತುಂಡು ಮೈಸೂರಿನ ತುಂಡಿಗೆ ಕೂಡಬೇಕು ಅಂದರೆ ನಡುವೆ ಸ್ಕೇಲ್ ಇರಲೇಬೇಕು.

ಬಟ್ಟೆಯದ್ದು ಇನ್ನೊಂದು ಕಥೆ. ಪೂರ್ತಿ ಹತ್ತಿ, ಒಮ್ಮೆ ಒಗೆದು ಒಣಗಿಸಿದ್ದು, ಇಷ್ಟೇ ನಿಯಮ. ಗುಳೇದಗುಡ್ಡದ ಖಣ ಹಾಕಬೇಕು ಅಂತ ಒಬ್ಬರಿಗೆ ಭಾರಿ ಆಸೆ. ನೋಡೋಕೆ ಚೆಂದ ನಿಜ, ಆದರೆ ರೇಷ್ಮೆ ಸೇರಿದ್ದು ಕತ್ತರಿಸಿದ ಕಡೆಯೆಲ್ಲ ಎಳೆ ಬಿಡುತ್ತದೆ, ಕಾಲಿಂಚಿನ ಹೊಲಿಗೆಯಲ್ಲಿ ನಿಲ್ಲಲ್ಲ. ಹಿಂದೆ ತೆಳು ಫ್ಯೂಸಿಂಗ್, ಅಂದರೆ ಇಸ್ತ್ರಿ ಮಾಡಿದರೆ ಅಂಟುವ ಒಳಪದರ, ಅಂಟಿಸಿ ಹಾಕಿ ಅಂದೆ. ಕೆಂಪು, ನೀಲಿ ಬಟ್ಟೆಯ ಮೇಲೆ ಒದ್ದೆ ಮಾಡಿದ ಬಿಳಿ ಚಿಂದಿ ಇಟ್ಟು ಇಸ್ತ್ರಿ ಒತ್ತಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ನಿಮ್ಮ ಮನೆಯ ಕ್ವಿಲ್ಟ್ ಆದರೆ ಏನಾದರೂ ಮಾಡಿಕೊಳ್ಳಿ, ಇಲ್ಲಿ ನಿಮ್ಮ ಒಂದು ಬ್ಲಾಕಿಗೆ ಬೇರೆಯವರ ಹನ್ನೊಂದು ಹಾಳಾಗುತ್ತವೆ.

ಕಳಿಸೋದು ಅಂಥ ತಲೆನೋವಲ್ಲ. ಮಳೆಗಾಲ ಆದ್ದರಿಂದ ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ಸ್ಪೀಡ್ ಪೋಸ್ಟ್. ವಾಪಸ್ ಕಳಿಸುವ ಖರ್ಚನ್ನು ಎಲ್ಲರಿಂದ ಮೊದಲೇ ಹಾಕಿಸಿಕೊಳ್ಳಿ, ಆಮೇಲೆ ಕೇಳೋಕೆ ಮುಜುಗರ. ನಮ್ಮ ಗುಂಪಿನಲ್ಲಿ ನ್ಯೂಜೆರ್ಸಿಯಲ್ಲಿರುವ ಒಬ್ಬಳಿದ್ದಾಳೆ, ಅವಳ ಬ್ಲಾಕುಗಳು ಅವಳ ಅತ್ತೆಯ ಸೂಟ್‌ಕೇಸಿನಲ್ಲಿ ಬಂದವು.

ಯಾರಾದರೂ ಕೈಕೊಡುತ್ತಾರೆ, ಅದು ಗ್ಯಾರಂಟಿ. ಮನೆಯಲ್ಲಿ ಕಾಯಿಲೆ, ಮಕ್ಕಳ ಪರೀಕ್ಷೆ, ಬೈಯೋಕೂ ಆಗಲ್ಲ. ಅದಕ್ಕೇ ಅಮೆರಿಕದ ಗುಂಪುಗಳಲ್ಲಿ ಏಂಜೆಲ್ ಅಂತ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ, ಯಾರದ್ದು ಬರಲಿಲ್ಲವೋ ಅವರ ಪಾಲು ಹೊಲಿದು ಕೊಡೋಕೆ. ನಮ್ಮಲ್ಲಿ ಆ ಕೆಲಸ ನಿವೃತ್ತ ಟೀಚರೊಬ್ಬರು ತಾವಾಗೇ ವಹಿಸಿಕೊಂಡರು, ಅವರಿದ್ದದ್ದಕ್ಕೆ ಲೆಕ್ಕ ಸರಿಹೋಯಿತು.

ಬ್ಲಾಕಿನ ಹಿಂದೆ ಹೆಸರು, ಊರು ಬರೆಯೋಕೆ ಮರೆಯಬೇಡಿ. 1840ರ ದಶಕದಲ್ಲಿ ಅಮೆರಿಕದ ಹೆಂಗಸರು ಹೀಗೇ ಬ್ಲಾಕುಗಳ ಮೇಲೆ ಅಳಿಸದ ಶಾಯಿಯಲ್ಲಿ ಹೆಸರು ಬರೆದು ಕ್ವಿಲ್ಟ್ ಮಾಡುತ್ತಿದ್ದರು, ದೂರ ವಲಸೆ ಹೋಗುವ ಗೆಳತಿಗೂ ಕೊಡುತ್ತಿದ್ದರು. ಬಾಲ್ ಪೆನ್ ಬೇಡ, ಬಟ್ಟೆಗೆ ಬರೆಯುವ ಪೆನ್ನೇ ಇರಲಿ.

ಮುಂದಿನ ಸುತ್ತು ದಸರಾ ಆದ ಮೇಲೆ. ಬರುವವರು ಮೂರು ಪಟ್ಟಿಯ ಪರೀಕ್ಷೆ ಮಾಡಿ ಫೋಟೋ ಹಾಕಿ, ಸ್ಕೇಲ್ ಪಕ್ಕದಲ್ಲಿ ಕಾಣುವ ಹಾಗೆ. ಹಳದಿ ಯಾವುದು ಅಂತ ಮಾತ್ರ ನನ್ನನ್ನು ಕೇಳಬೇಡಿ.